ಬೆಕ್ಕಿನ ಪಾದದ ಬಾವು ಇಳಿಯದಿದ್ದರೆ

ಕಣಜದ ಇಲಿ ಹಿಡಿಯುವ ಬೆಕ್ಕು ಕುಂಟತೊಡಗಿದರೆ ಅರಿಶಿನ ಹಚ್ಚಿ ಸುಮ್ಮನಾಗುವುದುಂಟು. ವಾರ ಕಳೆದರೂ ಬಾವು ಇಳಿಯದಿದ್ದರೆ ಮುಲಾಮು ಬದಲಿಸುತ್ತ ಕೂರದೆ ಕಾರಣ ಹುಡುಕಬೇಕು.

ಮೊದಲು ಬೆರಳುಗಳ ನಡುವೆ ಮುಳ್ಳು, ಹುಲ್ಲಿನ ಊಬು ಇದೆಯೇ ನೋಡಿರಿ. ಮುದಿ ಬೆಕ್ಕಿನ ಉಗುರು ಬಾಗಿ ಬೆಳೆದು ಅಂಗಾಲಿಗೇ ಚುಚ್ಚಿಕೊಳ್ಳುವುದೂ ಉಂಟು. ಒಂದೇ ಪಾದ ಬಿಸಿಯಾಗಿ, ಮುಟ್ಟಿದರೆ ನೋಯುತ್ತಿದ್ದರೆ ಕಾದಾಟದ ಕಡಿತದಿಂದ ಕೀವು ತುಂಬಿರಬಹುದು.

ಹಲವು ಪಾದಗಳ ಮೆತ್ತೆ ಒಟ್ಟಿಗೆ ಊದಿ, ಸ್ಪಂಜಿನಂತೆ ಮೆತ್ತಗಾಗಿ, ನೇರಳೆ ಬಣ್ಣಕ್ಕೆ ತಿರುಗಿದರೆ ಅದು ಬೇರೆ ರೋಗ. ಮುಲಾಮಿಗೆ ಬಗ್ಗದು. ಪಶುವೈದ್ಯರು ಸೂಜಿಯಿಂದ ಮಾದರಿ ತೆಗೆದು ಪರೀಕ್ಷಿಸಿ, ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಕೊಡುತ್ತಾರೆ. ಗುಣ ಕಾಣಲು ಹಲವು ವಾರ ಬೇಕು, ನಡುವೆ ನಿಲ್ಲಿಸಬಾರದು. ಮಾತ್ರೆ ಅನ್ನನಾಳದಲ್ಲಿ ಅಂಟಿ ಹುಣ್ಣಾಗದಂತೆ ಹಿಂದೆಯೇ ಒಂದು ಚಮಚ ನೀರು ಕುಡಿಸಿರಿ.

ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು ಬೆರೆಸಿ ಗಾಯ ತೊಳೆಯಿರಿ. ಫಿನಾಯಿಲ್ ಬೇಡ, ಬೆಕ್ಕು ನೆಕ್ಕಿದರೆ ವಿಷ. ನೋವಿಗೆಂದು ಪ್ಯಾರಾಸಿಟಮಾಲ್ ಕೊಡಲೇಬಾರದು. 500 ಮಿಲಿಗ್ರಾಂನ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು.

ಔಷಧ ಹಾಕುವಾಗ ಬೆಕ್ಕು ಕಚ್ಚಿದರೆ, ಪರಚಿದರೆ ಸೋಪು ನೀರಿನಿಂದ 15 ನಿಮಿಷ ತೊಳೆದು, ರೇಬೀಸ್ ಚುಚ್ಚುಮದ್ದಿಗಾಗಿ ಅಂದೇ ಆಸ್ಪತ್ರೆಗೆ ಹೋಗಿರಿ.