ಬೆಟ್ಟದ ದಾರಿ, ದೊಡ್ಡಿಯ ಗುಡಿಸಲು

ಮಕ್ಕಳೇ, ನೀವು ಡೆಂಕಣಿಕೋಟೆಯಿಂದ ಅಂಚೆಟ್ಟಿಗೆ ಬಸ್ಸಿನಲ್ಲಿ ಹೋಗಿದ್ದೀರಾ? ಊರು ದಾಟಿದ ಮೇಲೆ ದಾರಿಯ ಎರಡು ಬದಿಯಲ್ಲೂ ಕಾಡು ಕಾಣುತ್ತದೆ. ರಸ್ತೆಯು ಬಳುಕುತ್ತಾ ಘಟ್ಟವನ್ನು ಇಳಿಯುತ್ತದೆ. ಇಲ್ಲಿನ ಬೆಟ್ಟಗಳಿಗೆ ಮೇಲಗಿರಿ ಬೆಟ್ಟಗಳು ಎಂದು ಹೆಸರು. ಇವುಗಳ ಪಶ್ಚಿಮಕ್ಕೆ ಕಾವೇರಿ ನದಿ ಹರಿಯುತ್ತದೆ. ನದಿಯ ಈಚೆಯ ದಡ ತಮಿಳುನಾಡು. ಆಚೆಯ ದಡ ಕರ್ನಾಟಕ.

ಈ ಭಾಗದಲ್ಲಿ ಹಲವು ಊರುಗಳ ಹೆಸರು ‘ದೊಡ್ಡಿ’ ಎಂದು ಕೊನೆಗೊಳ್ಳುತ್ತದೆ. ದೊಡ್ಡಿ ಎಂದರೆ ದನಗಳನ್ನು ಕೂಡುವ ಜಾಗ. ಹೊಲಗಳಲ್ಲಿ ಪೈರು ಇರುವಾಗ ಊರಿನ ಹತ್ತಿರ ದನಗಳಿಗೆ ಮೇವು ಸಾಲುವುದಿಲ್ಲ. ಆದ್ದರಿಂದ ಹಿಂದಿನ ಕಾಲದಲ್ಲಿ ದನಗಾಹಿಗಳು ದನಗಳನ್ನು ಹೊಡೆದುಕೊಂಡು ಬೆಟ್ಟಕ್ಕೆ ಹೋಗುತ್ತಿದ್ದರು. ಹಲವು ದಿನಗಳವರೆಗೆ ಅಲ್ಲಿಯೇ ತಂಗುತ್ತಿದ್ದರು. ಹೊಗೇನಕಲ್ಲಿನ ಬಳಿ ಕಾವೇರಿಯ ದಡದಲ್ಲಿರುವ ಆಲಂಬಾಡಿ ಎಂಬ ಊರಿನ ಹೆಸರನ್ನು ಹೊತ್ತ ಆಲಂಬಾಡಿ ದನಗಳು ಈ ಸೀಮೆಯವೇ. ಬೆಟ್ಟದ ಒರಟು ಮೇವನ್ನು ತಿಂದು ಬೆಳೆದ ಗಟ್ಟಿಮುಟ್ಟಾದ ತಳಿ ಅದು.

ದೊಡ್ಡಿಯನ್ನು ಕಟ್ಟುವುದರಲ್ಲಿ ಬಹಳ ತಿಳಿವಳಿಕೆ ಬೇಕಾಗುತ್ತದೆ. ಹತ್ತಿರದಲ್ಲಿ ನೀರು ಇರಬೇಕು. ಆದರೆ ಹಳ್ಳದ ದಡದಲ್ಲಿಯೇ ಗುಡಿಸಲು ಹಾಕಬಾರದು. ಏಕೆಂದರೆ ರಾತ್ರಿಯಲ್ಲಿ ಕಾಡುಪ್ರಾಣಿಗಳು ನೀರು ಕುಡಿಯಲು ಅಲ್ಲಿಗೆ ಬರುತ್ತವೆ. ದೂರದ ಬೆಟ್ಟದಲ್ಲಿ ಮಳೆ ಸುರಿದರೆ ಇಲ್ಲಿ ಒಂದು ಹನಿಯೂ ಬೀಳದೆ ಹಳ್ಳ ತುಂಬಿ ಬರುವುದುಂಟು. ಆದ್ದರಿಂದ ಹಳ್ಳಕ್ಕಿಂತ ಎತ್ತರದ, ಸಮತಟ್ಟಾದ ನೆಲವೇ ಒಳ್ಳೆಯದು. ಆನೆಗಳು ನಡೆದಾಡುವ ದಾರಿಯನ್ನೂ ಬಿಟ್ಟು ಕಟ್ಟಬೇಕು. ದನಗಳ ಸುತ್ತಲೂ ಮುಳ್ಳಿನ ಬೇಲಿ ಹಾಕಬೇಕು. ಗುಡಿಸಲಿಗೆ ಹುಲ್ಲಿನ ಹೊದಿಕೆ ಇರುತ್ತದೆ. ಅದನ್ನು ಇಳಿಜಾರಾಗಿ ಹಾಕಿದರೆ ಮಳೆಯ ನೀರು ನಿಲ್ಲದೆ ಜಾರಿಹೋಗುತ್ತದೆ. ಅಲ್ಲಿ ಮಂಚವಿಲ್ಲ, ದೀಪವಿಲ್ಲ. ಒಂದು ಕಂಬಳಿ, ಒಂದು ಮಡಕೆ, ರಾಗಿ ಹಿಟ್ಟು, ಉಪ್ಪು ಇಷ್ಟಿದ್ದರೆ ಸಾಕು.

ಬೆಟ್ಟಕ್ಕೆ ಕಂಬಳಿ ಏಕೆ ಎಂದು ನೀವು ಕೇಳಬಹುದು. ನಾವು ಮೇಲೇರಿದಂತೆ ಗಾಳಿಯು ತಣ್ಣಗಾಗುತ್ತದೆ. 1,000 ಮೀಟರ್ ಎತ್ತರಕ್ಕೆ ಹೋದರೆ ಸುಮಾರು 6 ಡಿಗ್ರಿಯಷ್ಟು ಬಿಸಿ ಕಡಿಮೆಯಾಗುತ್ತದೆ. ಕಾವೇರಿಯ ದಡದಲ್ಲಿ ಬೆವರುವವನು ಬೆಟ್ಟದ ಮೇಲೆ ರಾತ್ರಿಯಲ್ಲಿ ನಡುಗುತ್ತಾನೆ.

ಇಂದು ಕಾಲ ಬದಲಾಗಿದೆ. 2014ರಲ್ಲಿ ತಮಿಳುನಾಡು ಸರ್ಕಾರವು ಈ ಕಾಡುಗಳನ್ನು ‘ಕಾವೇರಿ ಉತ್ತರ ವನ್ಯಜೀವಿ ಅಭಯಾರಣ್ಯ’ ಎಂದು ಘೋಷಿಸಿತು. ಇದರ ವಿಸ್ತಾರ 500 ಚದರ ಕಿಲೋಮೀಟರಿಗೂ ಹೆಚ್ಚು. ಆನೆ, ಕಾಟಿ, ನೀರುನಾಯಿ, ಬೂದು ಬಣ್ಣದ ದೊಡ್ಡ ಅಳಿಲು ಮೊದಲಾದ ಪ್ರಾಣಿಗಳು ಇಲ್ಲಿ ವಾಸಿಸುತ್ತವೆ. ಅಭಯಾರಣ್ಯದೊಳಗೆ ಈಗ ಯಾರೂ ತಮಗಿಷ್ಟ ಬಂದಂತೆ ದೊಡ್ಡಿ ಹಾಕುವಂತಿಲ್ಲ. ಹಾಗಾದರೆ ಇಂಥ ಕಾಡುಗಳಲ್ಲಿ ರಾತ್ರಿ ತಂಗುವವರು ಯಾರು? ಕಳ್ಳಬೇಟೆಯನ್ನು ತಡೆಯುವ ಅರಣ್ಯ ಕಾವಲುಗಾರರು. ಕಾಡಿನ ನಡುವೆ ಚಿಕ್ಕ ಕೊಠಡಿಯಲ್ಲಿ ಅವರು ಇರುತ್ತಾರೆ. ಆನೆ ದಾಟದಂತೆ ಇಂಥ ಮನೆಯ ಸುತ್ತ ಕಂದಕ ತೋಡುವುದುಂಟು. ಅವರು ಹಗಲಿನಲ್ಲಿ ಮೈಲಿಗಟ್ಟಲೆ ನಡೆದು ಕಾಡನ್ನು ಕಾಯುತ್ತಾರೆ. ಕಾಡಿನ ಅಂಚಿನ ರೈತರೂ ರಾಗಿ ಬಲಿಯುವ ಕಾಲದಲ್ಲಿ ಅಟ್ಟಣೆಯ ಮೇಲೆ ಮಲಗಿ ಆನೆಗಳಿಂದ ಬೆಳೆಯನ್ನು ಕಾಯುತ್ತಾರೆ.

ಬೆಟ್ಟ ನೋಡುವ ಆಸೆ ನಮಗೂ ಇರುತ್ತದೆ. ಆ ಆಸೆ ತಪ್ಪಲ್ಲ. ಆದರೆ ಅನುಮತಿಯಿಲ್ಲದೆ ಕಾಡಿಗೆ ಹೋಗಬಾರದು. ಇದನ್ನು ನಾವು ಒಂದು ದುಃಖದ ಘಟನೆಯಿಂದ ಕಲಿತೆವು. 2018ರ ಮಾರ್ಚ್ 11ರಂದು ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ನಡೆದು ಬರುತ್ತಿದ್ದವರು ಕಾಡ್ಗಿಚ್ಚಿನಲ್ಲಿ ಸಿಕ್ಕಿಕೊಂಡರು. 20ಕ್ಕೂ ಹೆಚ್ಚು ಜನರು ಪ್ರಾಣ ಕಳೆದುಕೊಂಡರು. ಬೇಸಿಗೆಯಲ್ಲಿ ಬೆಟ್ಟದ ಹುಲ್ಲು ಒಣಗಿರುತ್ತದೆ. ಬೆಂಕಿಯು ಇಳಿಜಾರಿನಲ್ಲಿ ಮೇಲ್ಮುಖವಾಗಿ ಬಹಳ ವೇಗದಿಂದ ಏರುತ್ತದೆ. ಏರು ದಾರಿಯಲ್ಲಿ ಮನುಷ್ಯನು ಅಷ್ಟು ವೇಗವಾಗಿ ಓಡಲಾರನು. ಈ ಘಟನೆಯ ನಂತರ ಸರ್ಕಾರವು ಬೆಟ್ಟದ ನಡಿಗೆಗೆ ನಿಯಮಗಳನ್ನು ಮಾಡಿತು. 2024ರಲ್ಲಿ ಅರಣ್ಯ ಇಲಾಖೆಯು ರಾಜ್ಯದಲ್ಲಿ 40 ದಾರಿಗಳನ್ನು ಗುರುತಿಸಿತು. ನಮ್ಮ ಜಿಲ್ಲೆಯ ಗುತ್ತಿರಾಯನ ಬೆಟ್ಟದ ದಾರಿಯೂ ಅವುಗಳಲ್ಲಿ ಒಂದು. ಈ ದಾರಿಗಳಲ್ಲಿ ಸ್ಥಳೀಯ ಯುವಕ ಯುವತಿಯರೇ ಮಾರ್ಗದರ್ಶಕರು. ಕಾಡ್ಗಿಚ್ಚಿನ ಭಯವಿರುವ ತಿಂಗಳುಗಳಲ್ಲಿ ದಾರಿಗಳನ್ನು ಮುಚ್ಚುತ್ತಾರೆ.

ಮುಂದೆ ನೀವು ಹಿರಿಯರೊಡನೆ ಬೆಟ್ಟಕ್ಕೆ ಹೋದಾಗ ಈ ಮಾತುಗಳನ್ನು ನೆನಪಿಡಿ. ಬೆಳಿಗ್ಗೆ ಬೇಗನೆ ಹೊರಡಿ. ಕತ್ತಲಾಗುವ ಮೊದಲೇ ತಂಗುವ ಜಾಗವನ್ನು ಸೇರಿ. ಎಲ್ಲಿಗೆ ಹೋಗುತ್ತೀರಿ, ಯಾವಾಗ ಬರುತ್ತೀರಿ ಎಂದು ಮನೆಯಲ್ಲಿ ಹೇಳಿ. ಕುಡಿಯುವ ನೀರನ್ನು ಜೊತೆಯಲ್ಲಿ ಕೊಂಡೊಯ್ಯಿರಿ. ಒಬ್ಬರ ಹಿಂದೆ ಒಬ್ಬರು ನಡೆಯಿರಿ. ನಿಧಾನವಾಗಿ ನಡೆಯುವವರನ್ನು ಹಿಂದೆ ಬಿಟ್ಟು ಹೋಗಬೇಡಿ. ದಾರಿಯಲ್ಲಿ ಹಸಿ ಲದ್ದಿ ಕಂಡರೆ ಆನೆ ಹತ್ತಿರದಲ್ಲಿದೆ ಎಂದು ತಿಳಿಯಿರಿ. ಆಗ ಮಾರ್ಗದರ್ಶಕರು ಹೇಳಿದಂತೆ ಸದ್ದಿಲ್ಲದೆ ಹಿಂದಿರುಗಬೇಕು. ತುಂಬಿದ ಹಳ್ಳವನ್ನು ದಾಟಬಾರದು. ಕಾಡಿನಲ್ಲಿ ಬೆಂಕಿ ಹಚ್ಚಬಾರದು.

ಪ್ರಪಂಚದ ಬೇರೆ ದೇಶಗಳಲ್ಲಿಯೂ ಬೆಟ್ಟದ ಗುಡಿಸಲುಗಳಿವೆ. ಯೂರೋಪಿನ ನಾರ್ವೆ ದೇಶದಲ್ಲಿ 1868ರಲ್ಲಿ ಬೆಟ್ಟದಲ್ಲಿ ನಡೆಯುವವರ ಸಂಘವೊಂದು ಆರಂಭವಾಯಿತು. ಆ ಸಂಘದ ಹಲವು ಮರದ ಮನೆಗಳಲ್ಲಿ ಕಾವಲುಗಾರರೇ ಇಲ್ಲ. ಒಳಗೆ ಒಲೆ, ಸೌದೆ, ಹಾಸಿಗೆ ಇರುತ್ತವೆ. ಕೆಲವು ಮನೆಗಳಲ್ಲಿ ದಿನಸಿಯೂ ಇರುತ್ತದೆ. ಬಂದವರು ತಾವೇ ಅಡುಗೆ ಮಾಡಿಕೊಳ್ಳುತ್ತಾರೆ. ತೆಗೆದುಕೊಂಡ ವಸ್ತುವಿನ ಲೆಕ್ಕವನ್ನು ತಾವೇ ಬರೆದು ಹಣ ಕೊಡುತ್ತಾರೆ. ಹೊರಡುವಾಗ ನೆಲ ಗುಡಿಸಿ, ಪಾತ್ರೆ ತೊಳೆದು, ಮುಂದೆ ಬರುವವರಿಗಾಗಿ ಸೌದೆ ಒಡೆದಿಟ್ಟು ಹೋಗುತ್ತಾರೆ. ಮುಂದೆ ಬರುವವರು ಯಾರೆಂದು ಅವರಿಗೆ ತಿಳಿದಿರುವುದಿಲ್ಲ. ಆದರೂ ಚಳಿಯಲ್ಲಿ ನೆನೆದು ಬಂದವನಿಗೆ ಆ ಒಣ ಸೌದೆಯೇ ಪ್ರಾಣ ಉಳಿಸಬಹುದು.

ಬೆಟ್ಟದಲ್ಲಿ ನಾವು ಒಂದು ರಾತ್ರಿಯ ಅತಿಥಿಗಳು. ನಮ್ಮ ಮನೆಗೆ ಬಂದ ಅತಿಥಿ ಕಸ ಚೆಲ್ಲಿ ಹೋದರೆ ನಮಗೆ ಹೇಗೆ ಅನಿಸುತ್ತದೆ? ಪ್ಲಾಸ್ಟಿಕ್ ಚೀಲವನ್ನು ಕಾಡಿನಲ್ಲಿ ಬಿಟ್ಟರೆ ಜಿಂಕೆಯೋ ಆನೆಯೋ ಅದನ್ನು ನುಂಗಿ ನರಳುತ್ತದೆ. ಆದ್ದರಿಂದ ಕೊಂಡೊಯ್ದುದನ್ನೆಲ್ಲ ಮರಳಿ ತರಬೇಕು.

ಮಕ್ಕಳೇ, ನಿಮ್ಮ ಮನೆಯ ಅಜ್ಜ ಅಜ್ಜಿಯರನ್ನು ಕೇಳಿ ನೋಡಿ. ಅವರಲ್ಲಿ ಯಾರಾದರೂ ದೊಡ್ಡಿಯಲ್ಲಿ ಮಲಗಿರಬಹುದು. ಯಾವ ಹಳ್ಳದ ನೀರು ಬೇಸಿಗೆಯಲ್ಲೂ ಬತ್ತುವುದಿಲ್ಲ, ಆನೆಗಳು ಯಾವ ದಾರಿಯಲ್ಲಿ ಬರುತ್ತವೆ ಎಂಬುದು ಅವರಿಗೆ ಗೊತ್ತಿರುತ್ತದೆ. ಅವರು ಹೇಳಿದುದನ್ನು ನಿಮ್ಮ ಪುಸ್ತಕದಲ್ಲಿ ಬರೆದಿಡಿ. ದೊಡ್ಡಿಯ ಗುಡಿಸಲುಗಳು ಮರೆಯಾದರೂ ಆ ತಿಳಿವಳಿಕೆ ಮರೆಯಾಗದಿರಲಿ.