ಮಗಳ ಟೇಕ್ವಾಂಡೋ ನಿಲ್ಲಿಸುವ ಮುನ್ನ

ಊರು ಬಿಟ್ಟು ಬಂದು ಆರ್.ಟಿ. ನಗರ, ಹೆಬ್ಬಾಳ, ಯಲಹಂಕ ಕಡೆ ನೆಲೆಸಿದ ನಮ್ಮ ಬ್ಯಾರಿ ಮನೆಗಳಲ್ಲೂ ಮಕ್ಕಳನ್ನು ಟೇಕ್ವಾಂಡೋಗೆ ಸೇರಿಸುವವರಿದ್ದಾರೆ. ಆದರೆ ಹುಡುಗಿ ಏಳೋ ಎಂಟೋ ಕ್ಲಾಸಿಗೆ ಬಂದಳೆಂದರೆ ‘ಇನ್ನು ಸಾಕು’ ಅಂತ ಬಿಡಿಸಿಬಿಡುತ್ತೇವೆ. ಹುಡುಗ ಮಾತ್ರ ಮುಂದುವರಿಯುತ್ತಾನೆ.

ಇದು ಕೊರಿಯಾದ ಕಲೆ. ಕಾಲು, ಮುಷ್ಟಿ, ದಾರಿ ಎಂಬ ಮೂರು ಪದ ಸೇರಿಸಿ 1955ರಲ್ಲಿ ಇಟ್ಟ ಹೆಸರು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಪದಕದ ಕ್ರೀಡೆಯಾಯಿತು. ‘ಡೊಬೊಕ್’ ಎಂಬ ಇದರ ಸಡಿಲ ಸಮವಸ್ತ್ರ ಕೈಕಾಲು ಮುಚ್ಚುವಂಥದ್ದು. 2016ರ ರಿಯೋದಲ್ಲಿ ಹೆಲ್ಮೆಟಿನೊಳಗೆ ತಲೆವಸ್ತ್ರ ಧರಿಸಿ ಆಡಿದ 18ರ ಕಿಮಿಯಾ ಅಲಿಝಾದೆ, ಒಲಿಂಪಿಕ್ ಪದಕ ಗೆದ್ದ ಇರಾನಿನ ಮೊದಲ ಮಹಿಳೆಯಾದರು. ಅಫ್ಘಾನಿಸ್ತಾನಕ್ಕೆ 2008ರಲ್ಲಿ, ಜೋರ್ಡಾನ್‌ಗೆ 2016ರಲ್ಲಿ ಮೊತ್ತಮೊದಲ ಒಲಿಂಪಿಕ್ ಪದಕ ತಂದುಕೊಟ್ಟದ್ದೂ ಟೇಕ್ವಾಂಡೋವೇ.

ಬಿಳಿ ಬೆಲ್ಟಿನಿಂದ ಕಪ್ಪು ಬೆಲ್ಟಿಗೆ ವರ್ಷಗಳ ದಾರಿ. ಹಂತ ಹಂತಕ್ಕೂ ಪರೀಕ್ಷೆ. 15 ತುಂಬದ ಮಕ್ಕಳಿಗೆ ಸೋಲ್‌ನ ಕುಕ್ಕಿವಾನ್ ಕೇಂದ್ರ ಕೊಡುವುದು ‘ಪೂಮ್’ ದರ್ಜೆ, ‘ಡಾನ್’ ಆಮೇಲಿನದು. ಅಂದರೆ ಕಲಿತದ್ದು ಕೈಗೂಡುವ ಹೊತ್ತಿಗೇ ನಾವು ಬಿಡಿಸುತ್ತಿದ್ದೇವೆ.

ನಮ್ಮ ಹಿಂಜರಿಕೆಗೆ ಕಾರಣ ಇರಬಹುದು. ಹಾಗಿದ್ದರೆ ವಿಚಾರಿಸೋಣ: ಮಹಿಳಾ ತರಬೇತುದಾರರಿದ್ದಾರಾ? ಹುಡುಗಿಯರದ್ದೇ ಬ್ಯಾಚ್ ಇದೆಯಾ? ಕ್ಲಾಸ್ ಮುಗಿಯುವುದು ಎಷ್ಟು ಗಂಟೆಗೆ? ಪ್ರಮಾಣಪತ್ರ ಯಾರದ್ದು? ಉಮ್ಮಂದಿರು ಒಂದು ದಿನ ಹೋಗಿ ಕೂತು ನೋಡಲಿ. ನಾಲ್ಕು ಮನೆಯವರು ಸೇರಿ ಕೇಳಿದರೆ ಬೇರೆ ಬ್ಯಾಚ್ ಆಗಲೂಬಹುದು.

ಬಿಡಿಸುವುದಕ್ಕೆ ಒಂದು ಮಾತು ಸಾಕು. ಅದಕ್ಕೆ ಮೊದಲು ಅವಳನ್ನೂ ಒಂದು ಮಾತು ಕೇಳೋಣ.