ವದಂತಿಯೂ ಎಂಟನೆಯ ಆಜ್ಞೆಯೂ

ನೆರೆಯವನ ವಿರುದ್ಧ ಸುಳ್ಳುಸಾಕ್ಷಿ ಹೇಳಬಾರದೆಂಬುದು ದಶಾಜ್ಞೆಗಳಲ್ಲಿ ಎಂಟನೆಯದು. ಕೊಲೆ, ಕಳವುಗಳ ಕುರಿತಾದ ಆಜ್ಞೆಗಳ ಮುಂದೆ ನಿಂತು ಆತ್ಮಶೋಧನೆ ಮಾಡಿಕೊಳ್ಳುವ ಭಕ್ತರು ಇದರ ಮುಂದೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಸಾಕ್ಷಿಯೆಂಬುದು ನ್ಯಾಯಾಲಯದ ಕಟಕಟೆಗೆ ಸೇರಿದ್ದು, ತಮಗೂ ಅದಕ್ಕೂ ಸಂಬಂಧವಿಲ್ಲವೆಂಬ ಭಾವನೆ ಸಾಮಾನ್ಯವಾದುದು. ಆದರೆ ಕಟಕಟೆ ಹತ್ತದೆಯೂ ಸುಳ್ಳುಸಾಕ್ಷಿ ನುಡಿಯಬಹುದು. ಅದರಿಂದ ಊರಿಗೆ ಊರೇ ಹೊತ್ತಿಕೊಳ್ಳಬಹುದು. ಇದನ್ನು ಹೊನ್ನಾವರ, ಕುಮಟಾ, ಭಟ್ಕಳಗಳ ಜನರಿಗೆ ಹೊರಗಿನವರು ಬಂದು ಕಲಿಸಬೇಕಾಗಿಲ್ಲ.

2017ರ ಡಿಸೆಂಬರ್ 6ರಂದು ಹೊನ್ನಾವರದಲ್ಲಿ ಎರಡು ಗುಂಪುಗಳ ನಡುವೆ ಘರ್ಷಣೆ ನಡೆಯಿತು. ಅಂದು ಕಾಣೆಯಾದ ತರುಣನೊಬ್ಬನ ಶವ ಡಿಸೆಂಬರ್ 8ರಂದು ಪಟ್ಟಣದ ಶೆಟ್ಟಿಕೆರೆಯಲ್ಲಿ ದೊರೆಯಿತು. ಧರ್ಮಸಭೆಯು ಅಮಲೋದ್ಭವ ಮಾತೆಯ ಹಬ್ಬವನ್ನು ಆಚರಿಸುವ ಆ ದಿನ ಒಬ್ಬ ತಾಯಿಯ ಮಡಿಲು ಬರಿದಾಯಿತು. ಆ ದುಃಖಕ್ಕೆ ಇಡೀ ಊರು ಮರುಗಿದ್ದು ಸಹಜ, ನ್ಯಾಯ. ಆದರೆ ಮರುಕದ ಬೆನ್ನಲ್ಲೇ ವದಂತಿಯೂ ಹೊರಟಿತು. ಆತನಿಗೆ ಚಿತ್ರಹಿಂಸೆ ನೀಡಲಾಗಿದೆ, ಮೈಮೇಲೆ ಕುದಿಯುವ ಎಣ್ಣೆ ಸುರಿಯಲಾಗಿದೆ ಎಂಬ ಮಾತುಗಳು ಮೊಬೈಲಿನಿಂದ ಮೊಬೈಲಿಗೆ ಹರಿದವು. ವೈದ್ಯರ ಪರೀಕ್ಷೆಯಲ್ಲಿ ಅಂಥ ಗುರುತುಗಳು ಕಂಡುಬಂದಿಲ್ಲವೆಂದು ಪೊಲೀಸರು ತಿಳಿಸಿದರೂ ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ. ಡಿಸೆಂಬರ್ 11ರಂದು ಕುಮಟಾದಲ್ಲಿ ಕಲ್ಲು ತೂರಾಟವಾಗಿ, ಹಿರಿಯ ಪೊಲೀಸ್ ಅಧಿಕಾರಿಯ ವಾಹನವೇ ಬೆಂಕಿಗೆ ಆಹುತಿಯಾಯಿತು. ಮರುದಿನ ಶಿರಸಿಯೂ ಹೊತ್ತಿಕೊಂಡಿತು. ತನಿಖೆ ಸಿಬಿಐಗೆ ಹೋಯಿತು. ಸುಮಾರು ಐದು ವರ್ಷಗಳ ನಂತರ, 2022ರ ಅಕ್ಟೋಬರ್‌ನಲ್ಲಿ, ಆ ಸಾವು ನೀರಿನಲ್ಲಿ ಮುಳುಗಿ ಸಂಭವಿಸಿದ ಆಕಸ್ಮಿಕವೆಂಬ ಅದರ ವರದಿ ಹೊರಬಂದಿತು. ಅದನ್ನು ಒಪ್ಪದವರಿಗೆ ನ್ಯಾಯಾಲಯದ ಬಾಗಿಲು ತೆರೆದೇ ಇದೆ. ಆದರೆ ಐದು ವರ್ಷಗಳ ತನಿಖೆಗೂ ಸಿಗದ ಕೊಲೆಗಾರರನ್ನು ಬೀದಿಯು ಐದೇ ದಿನಗಳಲ್ಲಿ ಹೇಗೆ ಗುರುತಿಸಿತು?

ಇಲ್ಲಿಯೇ ಅಂತಸ್ಸಾಕ್ಷಿಯ ಪ್ರಶ್ನೆ ಏಳುತ್ತದೆ. ಮನುಷ್ಯನು ದೇವರೊಂದಿಗೆ ಏಕಾಂತವಾಗಿರುವ ಗರ್ಭಗುಡಿ ಅವನ ಅಂತಸ್ಸಾಕ್ಷಿಯೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಬೋಧಿಸಿತು. ಆ ಗರ್ಭಗುಡಿಯಲ್ಲಿ ಏಳುವ ಪ್ರತಿಯೊಂದು ಭಾವಾವೇಶವೂ ದೇವರ ದನಿಯಲ್ಲ. ಅಂತಸ್ಸಾಕ್ಷಿಯೆಂಬುದು ವಿವೇಕದ ತೀರ್ಪು. ತೀರ್ಪಿಗೆ ಸತ್ಯಾಂಶ ಬೇಕು. ಕೋಪ ಎಷ್ಟೇ ಪ್ರಾಮಾಣಿಕವಾಗಿದ್ದರೂ ಅದು ಸಾಕ್ಷ್ಯವಾಗಲಾರದು. 13ನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರು ನ್ಯಾಯಯುತ ತೀರ್ಪಿಗೆ ಮೂರು ನಿಬಂಧನೆಗಳನ್ನು ವಿಧಿಸಿದರು: ಅದು ನ್ಯಾಯಪ್ರೀತಿಯಿಂದ ಹುಟ್ಟಿರಬೇಕು, ತೀರ್ಪು ನೀಡುವವನಿಗೆ ಅಧಿಕಾರವಿರಬೇಕು, ವಿವೇಕದಿಂದ ವಿಚಾರಿಸಿರಬೇಕು. ವದಂತಿಯ ತೀರ್ಪನ್ನು ಈ ಒರೆಗಲ್ಲಿಗೆ ಹಚ್ಚಿ ನೋಡೋಣ. ಅದರ ಮೂಲ ದ್ವೇಷ, ಅದರ ಅಧಿಕಾರ ಗುಂಪಿನ ಬಲ, ಅದರ ವಿಚಾರಣೆ ಶೂನ್ಯ.

ಬೈಬಲಿನ ದಾನಿಯೇಲನ ಗ್ರಂಥದಲ್ಲಿ ಸುಸನ್ನಳ ಕಥೆಯಿದೆ. ಇಬ್ಬರು ಗೌರವಾನ್ವಿತ ಹಿರಿಯರು ಅವಳ ಮೇಲೆ ಅಪವಾದ ಹೊರಿಸುತ್ತಾರೆ. ಸಭೆ ಅದನ್ನು ನಂಬಿ ಮರಣದಂಡನೆ ವಿಧಿಸುತ್ತದೆ. ತರುಣ ದಾನಿಯೇಲನು ಎದ್ದು, ಹಿರಿಯರನ್ನು ಬೇರೆ ಬೇರೆಯಾಗಿ ನಿಲ್ಲಿಸಿ, ಅವಳನ್ನು ಯಾವ ಮರದ ಕೆಳಗೆ ಕಂಡಿರೆಂದು ಕೇಳುತ್ತಾನೆ. ಒಬ್ಬನು ಹೇಳಿದ ಮರ ಬೇರೆ, ಇನ್ನೊಬ್ಬನು ಹೇಳಿದ್ದು ಬೇರೆ. ಒಂದು ಪ್ರಶ್ನೆ ನಿರಪರಾಧಿಯ ಪ್ರಾಣ ಉಳಿಸಿತು. ಯಾರು ಕಂಡರು, ಎಲ್ಲಿ ಕಂಡರು ಎಂಬ ಪ್ರಶ್ನೆಯನ್ನು ನಮ್ಮ ಕೈಗೆ ಬಂದ ಸಂದೇಶಕ್ಕೂ ನಾವು ಹಾಕಬೇಡವೇ?

ತಾಳ್ಮೆಯ ಮಾತು ಹೇಡಿಗಳ ಮಾತೆಂದು ಕೆಲವರು ಆಕ್ಷೇಪಿಸಬಹುದು. ಆ ಆಕ್ಷೇಪದ ಹಿಂದಿನ ನೋವನ್ನು ನಾವು ಬಲ್ಲೆವು. 1993ರಲ್ಲಿ ಭಟ್ಕಳವು ತಿಂಗಳುಗಟ್ಟಲೆ ಗಲಭೆಯಲ್ಲಿ ಬೆಂದಿತು. ನ್ಯಾಯಮೂರ್ತಿ ಜಗನ್ನಾಥ ಶೆಟ್ಟಿ ಆಯೋಗ ವಿಚಾರಣೆ ನಡೆಸಿತು. 1996ರ ಏಪ್ರಿಲ್ 10ರಂದು ಶಾಸಕ ಡಾ. ಯು. ಚಿತ್ತರಂಜನ್ ಗುಂಡೇಟಿಗೆ ಬಲಿಯಾದರು. ನ್ಯಾಯ ತಡವಾದಷ್ಟೂ ಜನರ ನಂಬಿಕೆ ಸವೆಯುತ್ತದೆ. ಸತ್ಯ ಮೌನವಾಗಿರುವ ಕಡೆ ವದಂತಿ ಮನೆಮಾಡುತ್ತದೆ. ಆದುದರಿಂದ ತಡಮಾಡದೆ ಸತ್ಯವನ್ನು ಜನರ ಮುಂದಿಡುವುದು ಆಳುವವರ ಕರ್ತವ್ಯ. ಆದರೆ ಆಳುವವರು ತಪ್ಪಿದರೆಂದು, ಅಪರಾಧವೇ ಅರಿಯದ ನೆರೆಯವನ ಅಂಗಡಿಗೆ ಕಲ್ಲೆಸೆಯುವ ಹಕ್ಕು ಯಾರಿಗೂ ಬರುವುದಿಲ್ಲ. ಪೇಟೆ ಮುಚ್ಚಿದ ದಿನ ಮೀನಿನ ಬುಟ್ಟಿ ಹೊತ್ತ ಹೆಂಗಸೂ, ಮಲ್ಲಿಗೆ ಕಟ್ಟಿ ಮಾರುವವಳೂ ಬರಿಗೈಯಲ್ಲಿ ಮನೆಗೆ ಮರಳಬೇಕು. ಅವರ ಜಾತಿಮತವನ್ನು ಹಸಿವು ಕೇಳುವುದಿಲ್ಲ.

ಈ ಪಾಠ ಅನ್ಯರಿಗೆ ಮಾತ್ರವೆಂದು ಕ್ರೈಸ್ತರು ತಿಳಿಯಬಾರದು. ಮತಾಂತರದ ಆಪಾದನೆಯ ಹೆಸರಿನಲ್ಲಿ 2008ರ ಸೆಪ್ಟೆಂಬರ್ 14ರಂದು ಮಂಗಳೂರಿನ ಆರಾಧನಾ ಮಠವೂ ಸೇರಿದಂತೆ ಹಲವು ಪ್ರಾರ್ಥನಾಲಯಗಳ ಮೇಲೆ ದಾಳಿಯಾದಾಗ, ವಿಚಾರಿಸದೆ ತೀರ್ಪಿಡುವುದರ ಕ್ರೌರ್ಯವನ್ನು ನಮ್ಮ ಸಮುದಾಯ ಅನುಭವಿಸಿತು. ಹಾಗೆ ನೊಂದವರೇ ಮತ್ತೊಂದು ಸಮುದಾಯದ ಮೇಲಿನ ಅಪವಾದವನ್ನು ಪರೀಕ್ಷಿಸದೆ ನಂಬಿದರೆ, ಆ ನೋವು ನಮಗೆ ಏನನ್ನು ಕಲಿಸಿದಂತಾಯಿತು?

ಕದ್ದವನು ಪಾಪನಿವೇದನೆ ಮಾಡಿದರಷ್ಟೇ ಸಾಲದು, ಕದ್ದುದನ್ನು ಹಿಂದಿರುಗಿಸಬೇಕೆಂಬುದು ಧರ್ಮಸಭೆಯ ಬೋಧನೆ. ಕಸಿದುಕೊಂಡ ಒಳ್ಳೆಯ ಹೆಸರಿಗೂ ಇದೇ ನಿಯಮ. ಸುಳ್ಳು ಸುದ್ದಿಯನ್ನು ಹತ್ತು ಜನರಿಗೆ ಮುಟ್ಟಿಸಿದವನು, ಸತ್ಯ ತಿಳಿದ ದಿನ ಅದೇ ಹತ್ತು ಜನರಿಗೆ ಅದನ್ನೂ ಮುಟ್ಟಿಸಲು ಬದ್ಧನು. 2017ರ ವದಂತಿಗೆ ಕಿವಿಗೊಟ್ಟವರಲ್ಲಿ ಎಷ್ಟು ಮಂದಿ 2022ರ ವರದಿಯನ್ನು ಮನೆಯಲ್ಲಿ, ಸಂತೆಯಲ್ಲಿ, ದೋಣಿಯ ಬಳಿ ಮಾತಿಗೆತ್ತಿಕೊಂಡರು? ಆ ಸಾಲವನ್ನು ಇನ್ನೂ ತೀರಿಸದವರು ಅದನ್ನು ಇಂದೇ ತೀರಿಸಲಿ. ಅದಕ್ಕೆ ಆಯೋಗವೂ ಬೇಡ, ಸರ್ಕಾರದ ಆದೇಶವೂ ಬೇಡ. ಅಂತಸ್ಸಾಕ್ಷಿಯ ಅಪ್ಪಣೆ ಸಾಕು.